ಶನಿವಾರದ ಚೀಟಿಗಳು

8-2-1988, ಸೋಮವಾರ. ಬೆಳಿಗ್ಗೆ 10:20

ಮತ್ತೆ ಕರೆಂಟ್ ಹೋಯಿತು. ಪ್ರೋಗ್ರಾಮ್ ಲೈನ್ 140ರವರೆಗೆ ಹೊಡೆದಿದ್ದೆ. ಫ್ಲಾಪಿಗೆ ಹಾಕಿರಲಿಲ್ಲ. ಎಲ್ಲ ಹೋಯಿತು. ಸರಿ, ಮೊದಲಿನಿಂದ.

ಹೈದರಾಬಾದಿನಲ್ಲಿ ಹನ್ನೆರಡು ದಿನ ಕಲಿತು ಬಂದವಳನ್ನು ರಾವೂರಿನ ಈ ಪತ್ತಿನ ಸಂಘ ಕಂಪ್ಯೂಟರ್ ಪಂಡಿತೆ ಅಂದುಕೊಂಡಿದೆ. ಮಾಡಬೇಕಾದದ್ದು ಇಷ್ಟೇ: ಖಾತೆ ನಂಬರ್ ಕೇಳು, ಜಮಾ ಬಂದರೆ ಕೂಡಿಸು, ಖರ್ಚು ಬಂದರೆ ಕಳೆ, ಉಳಿದದ್ದು ತೋರಿಸು. ಎರಡು ವಾರವಾಯಿತು, ಕೂಡಿಸು ಅಂದರೆ ಕಳೆಯುತ್ತಿದೆ.

ಗನಿಸಾಬ್ ಚಾಚಾ ಕನ್ನಡಕದ ಮೇಲಿಂದ ನೋಡಿ, "ಒಂದ್ ಬೀಡಿ ಮುಗಿಯೂದ್ರೊಳಗ ನಾ ಇಷ್ಟ್ ಮಾಡತೀನಲ್ಲ ಬೇಟಿ" ಅಂದರು. ಮೂವತ್ತೊಂದು ವರ್ಷದಿಂದ ಲೆಡ್ಜರೂ ಅವರದೇ, ಕ್ಯಾಷೂ ಅವರದೇ. ಮಾರ್ಚ್ 31ಕ್ಕೆ ನಿವೃತ್ತಿ. ಆಮೇಲೆ ಆ ಕುರ್ಚಿ ನನಗಂತೆ.

19-2, ಶುಕ್ರವಾರ

ನಡೆಯಿತು! ಕೂಡಿಸುತ್ತದೆ, ಕಳೆಯುತ್ತದೆ. ಲೈನ್ 210ರಲ್ಲಿ ನಿಯಮವನ್ನೂ ಹಾಕಿದೆ. ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ಕೇಳಿದರೆ ಕೊಡಬಾರದು, "ನೋ ಬ್ಯಾಲೆನ್ಸ್" ಅನ್ನಬೇಕು. ಹೆಮ್ಮೆಯಾಯಿತು. ಯಾರಿಗೆ ಹೇಳಲಿ? ಇಲ್ಲಿ ಬರೆದೆ.

ಕಾರ್ಯದರ್ಶಿ ಕಲ್ಯಾಣಪ್ಪನವರ ಆರ್ಡರ್: ನಾಳೆಯಿಂದ ಲೆಡ್ಜರೂ ನಡೆಯಲಿ, ಮಿಷನ್ನೂ ನಡೆಯಲಿ, ಸಂಜೆ ತಾಳೆ ನೋಡಿ. ಚಾಚಾಗೆ ಕಟ್ಟುನಿಟ್ಟಾಗಿ ಹೇಳಿದೆ: ಜಮಾ-ಖರ್ಚಿನ ಚೀಟಿಗಳನ್ನು ಬಂದ ಸರದಿಯಲ್ಲೇ ಕೊಡಬೇಕು, ಹಿಂದೆ ಮುಂದೆ ಮಾಡಬಾರದು. "ಆಯ್ತವಾ, ನೀ ಹೇಳಿದಂಗ" ಅಂದರು.

20-2, ಶನಿವಾರ

ಬಟವಡೆಯ ದಿನ, ಬಜಾರದ ದಿನ. ನಲವತ್ತಾರು ಚೀಟಿ. ಕಲ್ಲಿನ ಗಣಿಗಳ ಮುಕಾದಮ್ ಖಂಡೆಪ್ಪ ಮಧ್ಯಾಹ್ನ ಮೂರಕ್ಕೆ ಬಂದು, ಆಳುಗಳ ಪಗಾರದಲ್ಲಿ ಹಿಡಿದ ಉಳಿತಾಯವನ್ನು ಎಲ್ಲರ ಹೆಸರಿಗೂ ಕಟ್ಟಿ ಹೋದ. ಆಮೇಲೆ ಕುಳಿತು ಟೈಪ್ ಮಾಡಿದೆ. ಕಣ್ಣು ಚೀಟಿಯ ಮೇಲೆ, ಬೆರಳು ಕೀಲಿಯ ಮೇಲೆ. ಸ್ಕ್ರೀನ್ ಮೂರು ಸಲ ಮಿಟುಕಿತು. ಹಾಳು ವೋಲ್ಟೇಜ್.

ಸಂಜೆ — ಕ್ಯಾಷ್ ಪೆಟ್ಟಿಗೆಯಲ್ಲಿ ಇರಬೇಕಾದದ್ದಕ್ಕಿಂತ 340 ರೂಪಾಯಿ ಕಡಿಮೆ ಅನ್ನುತ್ತದೆ ಮಿಷನ್. ಲೆಡ್ಜರ್ ಮಾತ್ರ ಪೆಟ್ಟಿಗೆಗೆ ಪೈಸೆಗೆ ಪೈಸೆ ಸರಿ. ತಲೆ ಕೆಟ್ಟಿತು.

26-2, ಶುಕ್ರವಾರ

ಸೋಮವಾರ ಲೆಡ್ಜರಿನ ಅಂಕಿಗಳನ್ನೇ ಮಿಷನ್‌ಗೆ ತುಂಬಿ ಹೊಸದಾಗಿ ಶುರು ಮಾಡಿದೆ. ಐದೂ ದಿನ ತಾಳೆಯಾಯಿತು. ಹಾಗಾದರೆ ಶನಿವಾರ ಏನಾಗಿತ್ತು? ದೆವ್ವವೇ?

27-2, ಶನಿವಾರ

415 ಕಡಿಮೆ.

ಮತ್ತೆ ಶನಿವಾರವೇ. ಪ್ರತಿ ಲೈನ್ ಓದಿದೆ. ಪೆನ್ಸಿಲ್ ಹಿಡಿದು ಕೈಯಲ್ಲಿ ಕೂಡಿದೆ. ಕೈಲೆಕ್ಕ ಲೆಡ್ಜರಿಗೆ ಹೊಂದುತ್ತದೆ. ಮಿಷನ್ ಹೊಂದುವುದಿಲ್ಲ. ಆದರೆ ಮಿಷನ್‌ಗೆ ಹೇಳಿಕೊಟ್ಟವಳು ನಾನೇ ಅಲ್ಲವೇ...

ಕಲ್ಯಾಣಪ್ಪನವರಿಗೆ ಹೇಳಬಾರದಿತ್ತು. ಹೇಳಿಬಿಟ್ಟೆ.

"ಮಿಷನ್‌ಗೆ ಹೊಟ್ಟಿ ಅದ ಏನ್ರಿ? ತಿನ್ನಂಗಿಲ್ಲ, ಕದಿಯಂಗಿಲ್ಲ. ಮನಶಾಗ ಅದ."

"ಸರ್, ಪ್ರೋಗ್ರಾಮ್‌ದಾಗೇ ತಪ್ಪಿರಬಹುದ್ರಿ."

"ವಾರದಾಗ ಐದ್ ದಿನ ಬರೋಬ್ಬರಿ ಇದ್ದದ್ದು ಶನಿವಾರ ಯಾಕ ತಪ್ಪತದ? ಗದ್ದಲದಾಗ ಸುಳ್ಳ ಚೀಟಿ ಬರದಾನ್ ಆ ಗನಿಸಾಬ್. ಹೆಬ್ಬಟ್ಟಿಗೇನ್, ಯಾರದರೆ ಒತ್ತಬಹುದು."

1-3, ಮಂಗಳವಾರ

ಕಲ್ಯಾಣಪ್ಪನವರು ಚಾಚಾರಿಂದ ಪೆಟ್ಟಿಗೆಯ ಕೀಲಿಕೈ ಇಸಿದುಕೊಂಡರು. ಬೆಳಿಗ್ಗೆ ಕೊಟ್ಟು, ಸಂಜೆ ವಾಪಸ್ ಪಡೆಯುತ್ತಾರೆ. ಏಳನೇ ತಾರೀಖು ಕಮಿಟಿ ಮೀಟಿಂಗ್. ಲೆಕ್ಕ ಬಗೆಹರಿಯುವವರೆಗೆ ಗ್ರಾಚ್ಯುಟಿ ಇಲ್ಲ. ಕಳ್ಳ ಅನ್ನುವ ಮಾತನ್ನು ಯಾರೂ ಆಡಲಿಲ್ಲ. ಆಡಿದ ಹಾಗೇ ಇತ್ತು.

ಚಾಚಾ ಇಡೀ ದಿನ ಬೀಡಿ ಹಚ್ಚಲಿಲ್ಲ. ಅಪ್ಪ ಸತ್ತಾಗ ನನ್ನ ನೌಕರಿಯ ಅರ್ಜಿ ಬರೆದುಕೊಟ್ಟವರು ಇವರೇ. ಅವರ ಮುಖ ನೋಡಲು ಆಗುತ್ತಿಲ್ಲ.

5-3, ಶನಿವಾರ. ಸಂಜೆ 5:40

ಸಿಕ್ಕಿತು. ಸಿಕ್ಕಮೇಲೆ ಇನ್ನೂ ಗೊಂದಲ.

ಇವತ್ತು ಸ್ಕ್ರೀನ್ ಮಿಟುಕಿದಾಗ ಅಕಸ್ಮಾತ್ ತಲೆ ಎತ್ತಿದ್ದೆ. ಮೇಲಿನ ಬಲ್ಬು ಮಿಟುಕಲಿಲ್ಲ! ವೋಲ್ಟೇಜ್ ಆಗಿದ್ದರೆ ಅದೂ ಮಿಟುಕಬೇಕಿತ್ತಲ್ಲ? ಅದೇ ಚೀಟಿ ಮತ್ತೆ ಹೊಡೆದೆ. ಮತ್ತೆ ಮಿಟುಕು.

ಲೈನ್ 210 "ನೋ ಬ್ಯಾಲೆನ್ಸ್" ಅಂತ ತೋರಿಸಿ ಲೈನ್ 100ಕ್ಕೆ ಹೋಗುತ್ತದೆ. ಲೈನ್ 100 ಸ್ಕ್ರೀನ್ ಒರೆಸಿ ಮುಂದಿನ ಖಾತೆ ಕೇಳುತ್ತದೆ. ಬರೆದದ್ದನ್ನು ಕಣ್ಣಿಗೆ ಬೀಳುವ ಮೊದಲೇ ನಾನೇ ಒರೆಸಿಟ್ಟಿದ್ದೆ. ಆ ಖರ್ಚು ಲೆಕ್ಕಕ್ಕೇ ಸೇರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ವೋಲ್ಟೇಜ್ ಅಂದೆ.

ಆದರೆ ಚೀಟಿ ಗಣಿಯ ಆಳು ಜೈತುನ್‌ಬೀಯದು. 140 ರೂಪಾಯಿ. ಮಿಷನ್ ಪ್ರಕಾರ ಆಕೆಯ ಖಾತೆಯಲ್ಲಿದ್ದದ್ದು 22. ಆಕೆ ಬೆಳಿಗ್ಗೆ ರೊಕ್ಕ ಸೆರಗಿಗೆ ಕಟ್ಟಿಕೊಂಡು ಬಜಾರಕ್ಕೆ ಹೋದದ್ದನ್ನು ನಾನೇ ನೋಡಿದ್ದೇನೆ.

ಚಾಚಾರನ್ನು ಕೇಳಿದೆ. ಮೇಜಿನ ಮೇಲಿನ ನುಣುಪು ಕಲ್ಲಿನ ತುಂಡನ್ನು ಬೆರಳಿಂದ ತಟ್ಟಿದರು.

"ಮುಂಜಾನಿ ಹೋದ್ರ ಬಜಾರದಾಗ ಚಲೋ ಜೋಳ ಸಿಗತದ. ಖಂಡೆಪ್ಪ ರೊಕ್ಕ ತರೂದು ಮೂರಕ್ಕ. ಆವಾಗ ಹೋದ್ರ ಹುಳಕ ಜೋಳ. ಅದಕ್ಕ ಮುಂಜಾನೇ ಕೊಡತೀನಿ, ಚೀಟಿ ಕಲ್ಲಿನ ಕೆಳಗ ಇಡತೀನಿ. ರೊಕ್ಕ ಬಂದ ಮ್ಯಾಲ ಲೆಡ್ಜರ್‌ದಾಗ ಮದಲ ಜಮಾ ಬರೀತೀನಿ, ಆಮ್ಯಾಲ ಖರ್ಚ. ಒಂದ್ ಶನಿವಾರನೂ ತಪ್ಪಿಲ್ಲ."

"ರೂಲ್ ಒಪ್ಪತದೇನ್ ಚಾಚಾ?"

"ರೂಲ್ ಬಜಾರಕ್ಕ ಹೋಗಂಗಿಲ್ಲ ಬೇಟಿ."

ಬಂದ ಸರದಿಯಲ್ಲೇ ಕೊಡಿ ಅಂದವಳು ನಾನು. ಅವರು ಹಾಗೇ ಕೊಟ್ಟರು. ನಾಚಿಕೆಯಾಗಿ ಅಳು ಬಂತು.

"ಮೀಟಿಂಗ್‌ದಾಗ ಇದನ್ನ ಹೇಳಬ್ಯಾಡ" ಅಂದರು. "ಹೇಳಿದ್ರ ನನ್ನ ಬಿಡತಾರ ಖರೆ. ಹೆಣ್ಮಕ್ಳಿಗಿ ಮುಂಜಾನಿ ರೊಕ್ಕ ನಿಂದರಸತಾರ."

6-3, ಭಾನುವಾರ

ಹೇಳಿದರೆ ಹೆಂಗಸರಿಗೆ ಹುಳುಕು ಜೋಳ. ಹೇಳದಿದ್ದರೆ ಚಾಚಾ ಕಳ್ಳ. ಮಿಷನ್ ಹೇಳಿದ್ದೂ ನಿಜ, ಲೆಡ್ಜರ್ ಹೇಳಿದ್ದೂ ನಿಜ. ಹಾಗಾದರೆ ಸುಳ್ಳು ಎಲ್ಲಿದೆ? ತಿಳಿಯುತ್ತಿಲ್ಲ.

7-3, ಸೋಮವಾರ

ಸುಳ್ಳು ನಾನೇ ಹೇಳಿದೆ.

ಲೈನ್ 100 ತೋರಿಸಿದೆ, ತಪ್ಪು ನನ್ನದು ಅಂದೆ. ಅಷ್ಟು ನಿಜ. "ಮತ್ತ ಮಿಷನ್ ನೋ ಬ್ಯಾಲೆನ್ಸ್ ಯಾಕಂತು?" ಅಂದರು ಕಲ್ಯಾಣಪ್ಪ. "ಖರ್ಚಿನ ಚೀಟಿ ಮದಲ ಹೊಡದೀನ್ರಿ. ಸರದಿ ತಪ್ಪಸಿದಾಕಿ ನಾನೇ."

"ಎಂಟ್ ಹತ್ ದಿನ ಒಬ್ಬ ಹಿರಿ ಮನಶ್ಯಾನ ಮರ್ಯಾದಿ ತಗದ್ರಲ್ಲವಾ ಮಾದೇವಮ್ಮ!" ಅಂದರು. ತೆಗೆದವರು ಯಾರೋ! ಗ್ರಾಚ್ಯುಟಿ ಪಾಸಾಯಿತು. ನನಗೆ ಮೆಮೊ ಬಂತು. ಇನ್ನು ಮೇಲೆ "ನೋ ಬ್ಯಾಲೆನ್ಸ್" ಬಂದರೆ ಸ್ಕ್ರೀನ್ ಮೇಲೆ ನಿಲ್ಲಬೇಕಂತೆ, ಯಾರೂ ದಾಟಬಾರದಂತೆ.

ಚಾಚಾ ಹೊರಗೆ ಬಂದು ಬೀಡಿ ಹಚ್ಚಿದರು.

31-3, ಗುರುವಾರ

ಹಾರ, ಪೇಡೆ, ಭಾಷಣ. ಹೋಗುವಾಗ ಚಾಚಾ ಆ ಪಾಲಿಶ್ ಮಾಡಿದ ಶಹಾಬಾದ್ ಕಲ್ಲಿನ ತುಂಡನ್ನು ನನ್ನ ಮೇಜಿನ ಮೇಲೆ ಇಟ್ಟರು. "ಗಾಳಿಗಿ ಚೀಟಿ ಹಾರತಾವ."

2-4, ಶನಿವಾರ. ಸಂಜೆ 4:15

ಬೆಳಿಗ್ಗೆ ಒಂಬತ್ತಕ್ಕೇ ಜೈತುನ್‌ಬೀ. ಚಾಚಾರ ಕುರ್ಚಿಯಲ್ಲಿ ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು.

"ಬರ್ರಿ" ಅಂದೆ.

"ಚಾಚಾ ಕೊಡತಿದ್ರು ಅಕ್ಕಾರ..."

ಖಾತೆ ನಂಬರ್ ಹೊಡೆದೆ. 140. "ನೋ ಬ್ಯಾಲೆನ್ಸ್." ಈ ಸಲ ಮಿಟುಕಲಿಲ್ಲ, ನನ್ನನ್ನೇ ನೋಡುತ್ತ ನಿಂತಿತು. ಆಕೆಯ ಹಿಂದೆ ಇನ್ನೂ ಇಬ್ಬರು, ಕೈಯಲ್ಲಿ ಖಾಲಿ ಚೀಲ.

ಮಿಷನ್ ಆಫ್ ಮಾಡಿದೆ. ಮೂವರಿಗೂ ಎಣಿಸಿ ಕೊಟ್ಟೆ. 355. ಚೀಟಿ ಕಲ್ಲಿನ ಕೆಳಗಿವೆ. ಮೂವತ್ತೊಂದು ವರ್ಷ ಆ ಮನುಷ್ಯ ಪ್ರತಿ ಶನಿವಾರ ಹೀಗೇ ಕುಳಿತಿದ್ದನೇ?

ಮೂರಕ್ಕೆ ಬರಬೇಕಾದ ಖಂಡೆಪ್ಪ ಇನ್ನೂ ಬಂದಿಲ್ಲ. ನಾಲ್ಕೂವರೆಗೆ ಕಲ್ಯಾಣಪ್ಪ ಪೆಟ್ಟಿಗೆ ನೋಡಲು ಬರುತ್ತಾರೆ. ಹೊರಗೆ ಗಾಡಿ ನಿಂತ ಸದ್ದು. ಯಾರೋ ಮೆಟ್ಟಿಲು ಹತ್ತುತ್ತಿದ್ದಾರೆ, ಖಂಡೆಪ್ಪನ ಚಪ್ಪಲಿಯೋ ಕಲ್ಯಾಣಪ್ಪನವರ ಬೂಟೋ —