ಅಮ್ಮನ ಮುಂದೆ ಚಂದಾ ಕೇಳಿದ ದನಿ

ಗ್ರಾಹಕರ ಹಿತ ಕಾಯುವ ಅಧಿಕಾರಿಗಳೇ,

ಮಾರಿದವನೇ ಮನೆಯೊಳಗೆ ಬಂದು ಮಾರಿದ ವಸ್ತುವನ್ನು ಕಿತ್ತುಕೊಂಡು ಹೋದರೆ ನಮ್ಮಂಥವರು ಅದನ್ನು ಕಳವು ಎನ್ನುತ್ತೇವೆ. ತಮ್ಮ ಕಚೇರಿ ಅದನ್ನು "ದರನೀತಿಯ ಪರಿಷ್ಕರಣೆ" ಎಂದು ಕರೆದು ನನ್ನ ದೂರನ್ನು ಮುಕ್ತಾಯಗೊಳಿಸಿದೆ. ಪದ ಸೊಗಸಾಗಿದೆ. ಕಳುವಾದದ್ದು ಮಾತ್ರ ನನ್ನ ಅಕ್ಕನ ದನಿ.

ಅಕ್ಕ ಬಸ್ ನಿಲ್ದಾಣದಲ್ಲಿ ಮೈಕ್ ಮುಂದೆ ಕೂತು ಪ್ರಕಟಣೆ ಹೇಳುತ್ತಿದ್ದವಳು. ಗಂಟಲಿನ ಕ್ಯಾನ್ಸರ್‌ನಿಂದಾಗಿ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗಿ ಬಂತು. ಆಪರೇಷನ್ನಿಗೆ ಮುಂಚೆ ಅವಳು ಅಡುಗೆಮನೆಯ ಬಾಗಿಲು ಹಾಕಿಕೊಂಡು, ಪುಟಗಟ್ಟಲೆ ವಾಕ್ಯ ಓದಿ, ತನ್ನ ದನಿಯನ್ನು ಒಂದು ಸಾಫ್ಟ್‌ವೇರಿಗೆ ಒಪ್ಪಿಸಿದಳು. ಆಮೇಲೆ ಅವಳು ಟೈಪ್ ಮಾಡಿದ್ದನ್ನು ಟ್ಯಾಬ್ ಅವಳದೇ ದನಿಯಲ್ಲಿ ಹೇಳುತ್ತಿತ್ತು. ಒಂದೇ ಸಲದ ಪಾವತಿ, ಜೀವನಪರ್ಯಂತ ಬಳಕೆ ಎಂದು ಕಂಪನಿ ಮಾತು ಕೊಟ್ಟಿತ್ತು. ಯಾರ ಜೀವನ ಎಂದು ನಾವು ಆಗಲೇ ಕೇಳಿಕೊಳ್ಳಬೇಕಿತ್ತೇ, ಮಾನ್ಯರೇ?

ನಮ್ಮಮ್ಮನಿಗೆ ಕಣ್ಣು ಕಾಣುತ್ತಿರಲಿಲ್ಲ. ಅವಳ ಪಾಲಿಗೆ ಮಗಳೆಂದರೆ ಆ ದನಿಯೇ. ಅದರ ಜೊತೆ ಜಗಳವಾಡುತ್ತಿದ್ದಳು, ನಗುತ್ತಿದ್ದಳು. ಒಂದು ಬೆಳಿಗ್ಗೆ ಅಕ್ಕ ಅಮ್ಮನ ತಲೆ ಬಾಚಿ, ಬಾಚಣಿಗೆ ಪಕ್ಕಕ್ಕಿಟ್ಟು ಏನೋ ಟೈಪ್ ಮಾಡಿದಳು. ಟ್ಯಾಬ್ ಅವಳದೇ ದನಿಯಲ್ಲಿ, "ಸೇವೆ ಮುಂದುವರಿಸಲು ದಯವಿಟ್ಟು ಚಂದಾ ಪಾವತಿಸಿ" ಎಂದಿತು. ಮತ್ತೆ ಟೈಪ್ ಮಾಡಿದಳು, ಮತ್ತೆ ಅದೇ ಮಾತು. ಅಮ್ಮ ದಿಂಬಿನ ಕೆಳಗೆ ಕೈಹಾಕಿ ತಡಕಾಡುತ್ತಾ, "ದುಡ್ಡು ಬೇಕಿದ್ರೆ ನೇರವಾಗಿ ಕೇಳ್ಬಾರ್ದೇನೇ? ಹೊರಗಿನವಳ ಥರ ಯಾಕೆ ಮಾತಾಡ್ತೀಯ?" ಎಂದಳು. ಅಕ್ಕನ ಬಾಯಿ ತೆರೆಯಿತು. ಏನೂ ಹೊರಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಆ ದನಿಯೂ ಹೋಗಿ, ಕಂಪನಿ ಬಿಟ್ಟಿಯಾಗಿ ಕೊಡುವ ಇನ್ಯಾರದೋ ಹೆಣ್ಣುದನಿ ಬಂತು. ಅದು ತಾನೇ ಮಗಳೆಂದು ಹೇಳಿಕೊಂಡಾಗ ಅಮ್ಮ ಅಕ್ಕನ ಕೈಯಿಂದ ತನ್ನ ಕೈ ಎಳೆದುಕೊಂಡಳು. ನಾನು ಎಷ್ಟು ಬಿಡಿಸಿ ಹೇಳಿದರೂ ಅವಳ ತಲೆಗೆ ಹೋಗಲಿಲ್ಲ. ಹೇಗೆ ಹೋದೀತು? ನನಗೇ ಅದು ಅರ್ಥವಾಗಿರಲಿಲ್ಲ.

ಅಂದೇ ಚಂದಾ ಕಟ್ಟಿದೆ. ದನಿ ವಾಪಸು ಬಂತು. ಆದರೆ ಅದು ಕೇಳಿಸಿದೊಡನೆ ಅಮ್ಮ ಗೋಡೆಯ ಕಡೆ ಹೊರಳಿ ನನಗೆ ಪಿಸುಗುಟ್ಟುತ್ತಿದ್ದಳು: "ಅವಳ ಹಾಗೇ ಮಾತಾಡುತ್ತೆ ಕಣೋ, ಆದ್ರೆ ಅದು ಅವಳಲ್ಲ. ನನ್ನ ಹತ್ರ ಬಿಡ್ಬೇಡ ಅದನ್ನ."

ಅಮ್ಮ ತೀರಿಕೊಂಡ ದಿನ ಅಕ್ಕ ಟ್ಯಾಬ್ ಮುಟ್ಟಲೇ ಇಲ್ಲ. ಅಮ್ಮನ ಪಾದ ಹಿಡಿದುಕೊಂಡು ಸುಮ್ಮನೆ ಕೂತಿದ್ದಳು. ಕೊನೆಯುಸಿರಿಗೆ ಸ್ವಲ್ಪ ಮುಂಚೆ ಅಮ್ಮ ನನ್ನನ್ನು ಕೇಳಿದಳು, "ಅವಳು ಯಾಕೋ ಬರ್ಲೇ ಇಲ್ಲ?"

ಹೊಸ ಗಿರಾಕಿಗಳಿಗೆ ಕಂಪನಿ ಚಂದಾ ಹಾಕಲಿ, ಅದು ಅವರ ವ್ಯಾಪಾರ. ಒಮ್ಮೆ ಮಾರಿದ್ದನ್ನು ಮಾರಿದ ಮಾತಿನಂತೆಯೇ ನಡೆಸಬೇಕೆಂದು ತಾವು ಆದೇಶ ಹೊರಡಿಸಿ. ಅಕ್ಕನ ದನಿಯನ್ನು ಅಕ್ಕನ ಕೈಗೆ ಕೊಡಿಸಿ. ಅವಳು ಈಗ ಅದನ್ನು ಬಳಸುವುದಿಲ್ಲ, ನಮ್ಮ ಮನೆಯಲ್ಲಿ ಮಾತೇ ಇಲ್ಲ. ಆದರೂ ಚಂದಾ ಕಟ್ಟುತ್ತಿದ್ದೇನೆ. ನಿಲ್ಲಿಸಿದರೆ ದನಿಯನ್ನು ಶಾಶ್ವತವಾಗಿ ಅಳಿಸಿಹಾಕುವುದಾಗಿ ಕಂಪನಿ ಬಹಳ ವಿನಯದಿಂದ ತಿಳಿಸಿದೆ.

ಇಂತಿ,
ಒಡಹುಟ್ಟಿದವಳ ದನಿಯನ್ನು ತಿಂಗಳ ಬಾಡಿಗೆಗೆ ಪಡೆದಿರುವ ತಮ್ಮ