ಮಂಜುಗಡ್ಡೆಯ ಮೇಲೆ ನೆಟ್ಟ ಕೊಂಬೆಗಳು

ಜನವರಿ ೨೪, ಬುಧವಾರ

ನನ್ನ ಮುದ್ದು ಗುಂಡನಿಗೆ,

ಅಕ್ಕನ ನೂರು ಹಾರೈಕೆಗಳು. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀಯ. ಬೈದುಕೋ, ಆದರೆ ಪೂರ್ತಿ ಓದಿದ ಮೇಲೆ ಬೈಯಿ. ಇಲ್ಲಿ ಶಾಯಿಯೂ ಗಟ್ಟಿಯಾಗುವ ಚಳಿ. ಪೆನ್ನನ್ನು ಒಲೆಯ ಪಕ್ಕ ಕಾಯಿಸಿಕೊಂಡು ಬರೆಯುತ್ತಿದ್ದೇನೆ. ಅಮ್ಮನ ಕಾಲಿನ ಹುಣ್ಣು ಇನ್ನೂ ಮಾಯ್ದಿಲ್ಲ. ಬಾಯಿ ಮಾತ್ರ ಮೊದಲಿನ ಹಾಗೇ ಇದೆ.

ನಿನ್ನ ಭಾವನನ್ನು ಪೊಲೀಸರು ಹಿಡಿದುಕೊಂಡು ಹೋಗಿದ್ದಾರೆ. ಇದನ್ನು ಹೇಗೆ ಬರೆಯುವುದೆಂದು ತಿಳಿಯದೆಯೇ ಇಷ್ಟು ತಡವಾಯಿತು.

ಈ ಸಲವೂ ಸರೋವರ ಹೆಪ್ಪುಗಟ್ಟಿದ ಮೇಲೆ ಗಾಡಿಗಳಿಗೆ ದಾರಿ ಗುರುತು ಮಾಡಿದ್ದು ಭಾವನೇ. ಮಂಜುಗಡ್ಡೆಯನ್ನು ಕೊರೆದು ದಪ್ಪ ನೋಡಿ, ಗಟ್ಟಿಯಿದ್ದ ಕಡೆ ಎರಡೂ ಬದಿಗೆ ಕೊಂಬೆ ನೆಟ್ಟರು. ಅಪ್ಪ ಹೋದ ಮೇಲೆ ಆ ಕೆಲಸ ಅವರದೇ ತಾನೇ? ಹಿಮ ಬಿದ್ದರೆ ಕೊಂಬೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಅದನ್ನೇ ನಂಬಿ ಎಲ್ಲರೂ ಗಾಡಿ ಬಿಡುತ್ತಾರೆ. ಹೋದ ವಾರ ಯಾರೋ ತಿರುವಿನ ಕೊಂಬೆಗಳನ್ನು ಕಿತ್ತು, ಕೆಳಗೆ ಬುಗ್ಗೆಯಿದ್ದು ಗಡ್ಡೆ ತೆಳುವಾಗಿರುತ್ತದಲ್ಲ, ಆ ಕಡೆಗೆ ನೆಟ್ಟಿದ್ದಾರೆ. ಬೆಳಗಿನ ಮೊದಲ ಗಾಡಿ ಯಾವಾಗಲೂ ಮರದ ಗುತ್ತಿಗೆದಾರನದು. ಜೀಪು ಮುಳುಗಿತು. ಅವನ ಪಕ್ಕದಲ್ಲಿ ನರ್ಸಮ್ಮ ಕೂತಿದ್ದರು, ಅಮ್ಮನ ಕಾಲಿಗೆ ಪಟ್ಟಿ ಕಟ್ಟಲು ನಮ್ಮ ಮನೆಗೇ ಬರುತ್ತಿದ್ದವರು. ಇಬ್ಬರೂ ಉಳಿಯಲಿಲ್ಲ.

ಕೊಂಬೆ ನೆಡುವವನೇ ಜಾಗ ಬದಲಿಸಿದ್ದಾನೆಂದು ಭಾವನ ತಲೆಗೆ ಕಟ್ಟಿದರು. ಮೀನು ಹಿಡಿಯುವ ಜಾಗಕ್ಕಾಗಿ ಅವರು ಗುತ್ತಿಗೆದಾರನ ಜತೆ ಕಿತ್ತಾಡಿದ್ದನ್ನು ಊರೇ ಕೇಳಿತ್ತು. ಠಾಣೆಗೆ ಊಟ ತೆಗೆದುಕೊಂಡು ಹೋದಾಗ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ, ಆ ಎಮ್ಮೆ ನಾನೇ ಕಣೆ," ಎಂದು ನಕ್ಕರು. ತುಟಿ ಒಡೆದಿತ್ತು. ಚಳಿಗೋ ಏಟಿಗೋ, ಕೇಳಲು ಧೈರ್ಯ ಬರಲಿಲ್ಲ.

ತನಿಖೆಗೆ ಬಂದಿರುವ ಇನ್‌ಸ್ಪೆಕ್ಟರ್ ಹೆಂಗಸು; ಮಾತು ಕಡಿಮೆ, ಕಣ್ಣು ಚುರುಕು. ಜಾಗ ಬದಲಾದ ಕೊಂಬೆಯೊಂದನ್ನು ಬುಡದ ಗಡ್ಡೆ ಸಮೇತ ಕೊಯ್ಸಿ ತಂದು, ಸರೋವರಕ್ಕೆ ಹತ್ತಿರದ ಮನೆಯೆಂದು ನಮ್ಮ ಅಡುಗೆಮನೆಯ ತೊಟ್ಟಿಯಲ್ಲೇ ಇಡಿಸಿದರು. ಗಡ್ಡೆ ಕರಗಿತು. ತಳದಲ್ಲಿ ಮರದ ಹೊಟ್ಟು ಕೂತಿತ್ತು.

"ನಿಮ್ಮೆಜಮಾನ್ರು ಹೀಗೇ ನೆಡ್ತಾರಾ?" ಎಂದು ಕೇಳಿದರು.

"ಇಲ್ಲ, ಅವ್ರು ಬುಡಕ್ಕೆ ಹಿಮ ತುಂಬಿ ತುಳೀತಾರೆ ಅಷ್ಟೇ."

"ಮತ್ತೆ ಹೀಗೆ ನೆಡೋರು ಯಾರು?"

"ನಂಗೊತ್ತಿಲ್ಲ" ಅಂದೆ.

ಗೊತ್ತಿಲ್ಲವೇನೋ ಗುಂಡ? ನೀರಿಗೆ ಹೊಟ್ಟು ಕಲಸಿ ಬುಡಕ್ಕೆ ಸುರಿದು ಹೆಪ್ಪುಗಟ್ಟಲು ಬಿಟ್ಟರೆ ಎಂಥ ಗಾಳಿಗೂ ಕೊಂಬೆ ಅಲ್ಲಾಡುವುದಿಲ್ಲವೆಂದು ಅಪ್ಪ ಕಲಿಸಿದ್ದು ನಮ್ಮಿಬ್ಬರಿಗೆ ಮಾತ್ರ. ಅಳಿಯನಿಗೂ ಹೇಳಿಕೊಡಲಿಲ್ಲ. ಅದರಲ್ಲೂ ಹೊಟ್ಟನ್ನು ಜರಡಿ ಹಿಡಿಯುವವನು ನೀನೊಬ್ಬನೇ. ಹಾಳಾದವನೇ, ಕೇಡು ಮಾಡಲು ಹೋದಾಗಲೂ ಅಚ್ಚುಕಟ್ಟು ಬಿಡಲಿಲ್ಲವಲ್ಲೋ!

ಗರಗಸಕ್ಕೆ ನಿನ್ನ ಎರಡು ಬೆರಳು ಹೋದಾಗ, ಕುಡಿದು ಬಂದಿದ್ದನೆಂದು ಸುಳ್ಳು ಸಾರಿ ನಿನ್ನನ್ನು ಕೆಲಸದಿಂದ ಓಡಿಸಿದವನು ಆ ಗುತ್ತಿಗೆದಾರ. ಅವನ ಮೇಲೆ ನನಗೂ ಸಿಟ್ಟಿತ್ತು. ಆದರೆ ನರ್ಸಮ್ಮ ಏನು ಮಾಡಿದ್ದರು? ಅವತ್ತು ನಿನ್ನ ಕೈಗೆ ಹೊಲಿಗೆ ಹಾಕಿದವರು ಅವರೇ. ಅವರು ಜೀಪಿನಲ್ಲಿರುತ್ತಾರೆಂದು ನಿನಗೆ ಗೊತ್ತಿರಲಿಲ್ಲ, ನಾನು ಬಲ್ಲೆ. ಗೊತ್ತಿರಲಿಲ್ಲವೆಂದರೆ ಹೋದ ಜೀವ ಬರುತ್ತದೆಯೇ?

ಒಂದು ಕಡೆ ಗಂಡ, ಒಂದು ಕಡೆ ತಮ್ಮ. ನಾನು ಯಾರ ಕೈ ಬಿಡಲಿ ಹೇಳು. ನೀನಾಗಿಯೇ ಬಾ. ನಿನ್ನ ಬಾಯಿಂದಲೇ ಹೇಳು. ಸೋಮವಾರ ಭಾವನನ್ನು ಕೋರ್ಟಿಗೆ ಕರೆದೊಯ್ಯುತ್ತಾರೆ. ಅಲ್ಲಿಯವರೆಗೆ ನನ್ನ ಬಾಯಿಗೆ ಬೀಗ, ಆಮೇಲೆ ಇಲ್ಲ. ಅಂಚೆಗೆ ಹಾಕಿದರೆ ತಡವಾದೀತೆಂದು ಇದನ್ನು ಬಸ್ಸಿನ ಡ್ರೈವರ್ ಕೈಯಲ್ಲಿ ಕೊಡುತ್ತೇನೆ.

ಏನೇ ಮಾಡಿದ್ದರೂ ನೀನು ನನ್ನ ಕಂಕುಳಲ್ಲಿ ಬೆಳೆದ ಕೂಸು. ದೇವರು ನಿನಗೆ ಒಳ್ಳೆಯ ಬುದ್ಧಿ ಕೊಡಲಿ, ಬರುವ ದಾರಿಯಲ್ಲಿ ಕಾಯಲಿ. ಬೆಚ್ಚಗೆ ಹೊದ್ದುಕೊಂಡು ಬಾ.

ನಿನ್ನ
ಅಕ್ಕ

ಕಾಗದ ಮಡಿಸಿಟ್ಟ ಮೇಲೆ, ಗುರುವಾರ ಬೆಳಗ್ಗೆ:

ಹೊಟ್ಟನ್ನು ಬಟ್ಟೆಯಲ್ಲಿ ಸೋಸಿಕೊಳ್ಳಲು ಇನ್‌ಸ್ಪೆಕ್ಟರ್ ಮತ್ತೆ ಬಂದಿದ್ದರು. ಅಮ್ಮ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಏನಿದು ಎಂದು ಒಂದು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿದಳು. ಮುಖ ಅರಳಿಬಿಟ್ಟಿತು. ನಾನು ತಡೆಯುವಷ್ಟರಲ್ಲಿ ಅವರೆದುರೇ ಕೇಳಿಬಿಟ್ಟಳು: "ಜರಡಿ ಹಿಡಿದ ಹೊಟ್ಟು! ಇದು ನನ್ ಮಗನ ಕೈಕೆಲ್ಸ ಅಲ್ವೇನೇ? ಅವ್ನು ಬಂದಿದ್ನಾ? ಇಲ್ಲೀವರ್ಗೂ ಬಂದೋನು ನನ್ನ ನೋಡೋಕೆ ಯಾಕೆ ಬರ್ಲಿಲ್ಲ?"

ಇನ್‌ಸ್ಪೆಕ್ಟರ್ ಹೊಟ್ಟಿನ ಬಟ್ಟೆಯನ್ನು ಗಂಟು ಕಟ್ಟಿಕೊಂಡು ಎದ್ದು ಹೊರಟರು. ಈ ಕಾಗದಕ್ಕಿಂತ ಮೊದಲೇ ಅವರು ನಿನ್ನ ಬಾಗಿಲು ತಟ್ಟಬಹುದು. ಅಮ್ಮ ಇನ್ನೂ ಅದನ್ನೇ ಕೇಳುತ್ತಿದ್ದಾಳೆ ಕಣೋ. ಏನು ಹೇಳಲಿ?