ಅನುಮತಿ ಕೇಳಿದ ಕಿಟಕಿಗಳು

ಬಂಗಾರಪೇಟೆ

ಚಿರಂಜೀವಿ ಚಲಪತಿಗೆ ಆಶೀರ್ವಾದಗಳು.

ನೀನು ಫೋನಿನಲ್ಲಿ ಹೇಳಿದಂತೆ ಮಾಡಿದೆ. ಕಂಪ್ಯೂಟರಿನಲ್ಲಿ ಪುಟಿದೇಳುತ್ತಿದ್ದ ಜಾಹೀರಾತಿನ ಕಿಟಕಿಗಳಲ್ಲಿ ಒಂದನ್ನುಳಿದು ಮಿಕ್ಕವೆಲ್ಲ ನಿಂತಿವೆ. "ಅಯ್ಯೋ ಮಿಸ್, ಕೇಳಿದ್ದಕ್ಕೆಲ್ಲ ನೀವೇ ಪರ್ಮಿಶನ್ ಕೊಟ್ಟಿದ್ದೀರ!" ಎಂದು ನಕ್ಕೆಯಲ್ಲ, ಅನುಮತಿ ಕೇಳಿ ಬಾಗಿಲಲ್ಲಿ ನಿಂತವರನ್ನು ನಾನೆಂದೂ ಹೊರಗೆ ನಿಲ್ಲಿಸಿದವಳಲ್ಲ, ದಿನವೂ ತಡವಾಗಿ ಬರುತ್ತಿದ್ದ ನಿನ್ನನ್ನೂ.

ಶಶಿರೇಖಾ ಟೀಚರಿಗೆ ಇದೇ ತೊಂದರೆಯಾದಾಗ ನೀನು ಅಷ್ಟು ದೂರದ ಚಾಂಪಿಯನ್ ರೀಫ್ಸಿನಿಂದ ಅವರ ಮನೆಗೇ ಬಂದು, ಊಟವನ್ನೂ ಮಾಡಿ ಹೋದೆಯಂತೆ. ಅವರೇ ಎರಡು ಸಲ ಹೇಳಿದರು. ಅವರು ನಿನಗೆ ಕಲಿಸಿದ್ದು ಒಂದೇ ವರ್ಷ, ಅದೂ ಹೊಲಿಗೆ.

ಉಳಿದ ಆ ಒಂದು ಕಿಟಕಿಯನ್ನು ತೆಗೆದುಹಾಕುವುದು ನನಗೆ ತಿಳಿಯದೆ ಬಿಟ್ಟಿದ್ದಲ್ಲ. ಭಾನುವಾರ ನೀನೇ ಬಂದು ತೆಗೆದುಹಾಕು. ಅವರ ಮನೆಯನ್ನು ದಾಟಿಯೇ ನಮ್ಮ ಮನೆಗೆ ಬರಬೇಕು; ನಡುವೆ ನಿಲ್ಲಬೇಡ.

ನಿನಗೆ ಅಕ್ಷರ ತಿದ್ದಿಸಿದ,
ಮುನಿರತ್ನಮ್ಮ